ಗಂಡ-ಹೆಂಡತಿ ಇಬ್ಬರಿಗೂ ಸಂಬಳ, ಜೊತೆಗೆ ಪಾಠದ ದುಡ್ಡು: ಡಬ್ಲ್ಯೂ-4 ಹೇಗೆ ತುಂಬುವುದು?

ಪ್ರಶ್ನೆ:
ಅಮೆರಿಕದಲ್ಲಿ ಇಬ್ಬರೂ ಕೆಲಸದಲ್ಲಿದ್ದೇವೆ. ನನಗೆ 95,000 ಡಾಲರ್, ಹೆಂಡತಿಗೆ 70,000. ಸಂಬಳದಲ್ಲಿ ಎಷ್ಟು ತೆರಿಗೆ ಹಿಡಿಯಬೇಕೆಂದು ಕಂಪನಿಗೆ ತಿಳಿಸುವ ಫಾರ್ಮ್ ಡಬ್ಲ್ಯೂ-4; ಇಬ್ಬರದರಲ್ಲೂ ‘ಮ್ಯಾರೀಡ್ ಫೈಲಿಂಗ್ ಜಾಯಿಂಟ್ಲಿ’ (ದಂಪತಿ ಜಂಟಿ ರಿಟರ್ನ್) ಗುರುತು ಮಾತ್ರ ಇದೆ. 2024ರ ರಿಟರ್ನ್‌ನಲ್ಲಿ ಸುಮಾರು 8,100 ಕೈಯಿಂದ ಕಟ್ಟಬೇಕಾಯಿತು. 2025ರಲ್ಲಿ ಆಕೆಯ ಆನ್‌ಲೈನ್ ಸಂಗೀತ ಪಾಠದಿಂದ ಖರ್ಚು ಕಳೆದು 12,000 ಬರುತ್ತದೆ. ಎರಡು ವಾರಕ್ಕೊಮ್ಮೆ ಸಂಬಳ; ವರ್ಷ ಮುಗಿಯಲು ಇನ್ನು 10 ಪೇಚೆಕ್ ಇವೆ.

ಉತ್ತರ 1:
ನಿಮ್ಮ ಪೇರೋಲ್‌ಗೆ ಮನೆಯವರ ಸಂಬಳ ಗೊತ್ತಿಲ್ಲ, ಅವರದಕ್ಕೆ ನಿಮ್ಮದು ಗೊತ್ತಿಲ್ಲ. ಹಾಗಾಗಿ 29,200ರ ಸ್ಟ್ಯಾಂಡರ್ಡ್ ಡಿಡಕ್ಷನ್ (ತೆರಿಗೆ ಲೆಕ್ಕಕ್ಕೆ ಮೊದಲು ಆದಾಯದಿಂದ ಕಳೆಯುವ ನಿಗದಿತ ಮೊತ್ತ) ಎರಡೂ ಕಡೆ ಪೂರ್ತಿ ಸಿಕ್ಕಿತು, ಶೇ 10ರ ಸ್ಲ್ಯಾಬ್ ಕೂಡ ಎರಡು ಸಲ. ಹಿಡಿದದ್ದು 7,432 ಮತ್ತು 4,432. ಜಂಟಿ ತೆರಿಗೆ 19,982. ಉಳಿದ 8,118 ನಿಮ್ಮ ತಲೆಗೆ ಬಂತು.

2(ಸಿ) ಚೌಕಕ್ಕೆ (ಮನೆಯಲ್ಲಿ ಎರಡು ಕೆಲಸಗಳಿವೆ ಎಂದು ತಿಳಿಸುವುದು) ಗುರುತು ಹಾಕಿ, ಇಬ್ಬರ ಫಾರ್ಮಿನಲ್ಲೂ. ಒಬ್ಬರೇ ಹಾಕಿದರೆ ಅರ್ಧ ಕೆಲಸ. ಕಡಿಮೆ ಸಂಬಳ ಹೆಚ್ಚಿನದರ ಅರ್ಧಕ್ಕಿಂತ ಮೇಲಿದ್ದರೆ ಈ ಚೌಕ ಚೆನ್ನಾಗಿ ಹೊಂದುತ್ತದೆ. ನಿಮ್ಮದು ಹಾಗೇ ಇದೆ. ಮಕ್ಕಳಿದ್ದರೆ ಅವರ ತೆರಿಗೆ ರಿಯಾಯಿತಿಯ ಸ್ಟೆಪ್ 3 ಹೆಚ್ಚು ಸಂಬಳದವರ ಫಾರ್ಮಿನಲ್ಲಿ ಮಾತ್ರ.

ಪ್ರಶ್ನೆ:
ಪಾಠದ 12,000ವನ್ನು ಇತರ ಆದಾಯದ ಸಾಲಾದ 4(ಎ)ಯಲ್ಲಿ ಬರೆದರೆ ಸಾಕಲ್ಲವೇ?

ಉತ್ತರ 2:
ಸಾಲದು. 4(ಎ) ಆದಾಯ ತೆರಿಗೆಯನ್ನಷ್ಟೇ ಲೆಕ್ಕ ಹಾಕುತ್ತದೆ, ಸ್ವಯಂ ಉದ್ಯೋಗ ತೆರಿಗೆಯನ್ನಲ್ಲ (ಸ್ವಂತ ದುಡಿಮೆಗೆ ಕಟ್ಟುವ ಸೋಷಿಯಲ್ ಸೆಕ್ಯುರಿಟಿ, ಮೆಡಿಕೇರ್ ತೆರಿಗೆ). (ಊರಿನ ಎನ್‌ಆರ್‌ಇ, ಅಂದರೆ ಅನಿವಾಸಿ ಭಾರತೀಯರ ಖಾತೆಯ, ಠೇವಣಿಯ ಬಡ್ಡಿಗೆ ಆ ಜಾಗ ಸರಿ. ಭಾರತದಲ್ಲಿ ತೆರಿಗೆ ಇಲ್ಲ ಅಂತ ಬಿಡಬೇಡಿ, ಅಮೆರಿಕದಲ್ಲಿ ಇದೆ.)

12,000 × 0.9235 = 11,082; ಅದರ ಶೇ 15.3 ಅಂದರೆ 1,696. ಇದರ ಅರ್ಧ 848 ಕಳೆದರೆ 11,152. ನಿಮ್ಮ ಸ್ಲ್ಯಾಬ್ ಶೇ 22, ಹಾಗಾಗಿ 2,453. ಒಟ್ಟು 4,149. ಸಣ್ಣ ವ್ಯವಹಾರಕ್ಕೆ ಸಿಗುವ ಶೇ 20ರ ಕಡಿತವನ್ನು ಬೇಕೆಂದೇ ಬಿಟ್ಟಿದ್ದೇನೆ.

2(ಸಿ) ಕಳೆದ ತಿಂಗಳುಗಳ ಕೊರತೆ ತುಂಬುವುದಿಲ್ಲ. ನಿಮಗದು ಸುಮಾರು 4,500. ಎರಡೂ ಸೇರಿ 8,650. ಹತ್ತರಿಂದ ಭಾಗಿಸಿ 865ನ್ನು ನಿಮ್ಮ ಫಾರ್ಮಿನ 4(ಸಿ)ಯಲ್ಲಿ (ಪ್ರತಿ ಪೇಚೆಕ್‌ನಲ್ಲಿ ಹೆಚ್ಚುವರಿಯಾಗಿ ಹಿಡಿಯುವ ಮೊತ್ತ) ಬರೆಯಿರಿ. ಎಚ್‌ಆರ್ ಜಾರಿ ಮಾಡಲು ಸುಮಾರು 30 ದಿನ ಹಿಡಿಯಬಹುದು, ಆಗ ಮೊತ್ತ ಏರುತ್ತದೆ.

865 ಭಾರವಾದರೆ ದಂಡ ತಪ್ಪುವಷ್ಟಾದರೂ ತುಂಬಿಸಿ: ಈ ವರ್ಷದ ತೆರಿಗೆಯ ಶೇ 90 ಅಥವಾ ಕಳೆದ ವರ್ಷದ ಶೇ 110, ಯಾವುದು ಕಡಿಮೆಯೋ ಅದು. ಶೇ 100 ಸಾಕು ಎನ್ನುವುದು ಕಳೆದ ವರ್ಷದ ಆದಾಯ 1,50,000 ದಾಟದವರಿಗೆ. 1040-ಇಎಸ್ ಕಂತಿಗಿಂತ (ನೀವೇ ನೇರವಾಗಿ ಕಟ್ಟುವ ಮುಂಗಡ ತೆರಿಗೆ) ಸಂಬಳದಲ್ಲೇ ಹಿಡಿಸುವುದು ಮೇಲು: ಡಿಸೆಂಬರಿನಲ್ಲಿ ಹಿಡಿದರೂ ವರ್ಷವಿಡೀ ಸಮವಾಗಿ ಕಟ್ಟಿದಂತೆ ಐಆರ್‌ಎಸ್ (ಅಮೆರಿಕದ ತೆರಿಗೆ ಇಲಾಖೆ) ಎಣಿಸುತ್ತದೆ. ಕಂತಿಗೆ ಆ ಸೌಲಭ್ಯವಿಲ್ಲ.

ಜನವರಿಯಲ್ಲಿ ಹೊಸ ಡಬ್ಲ್ಯೂ-4 ಕೊಡಿ, 4(ಸಿ)ಯಲ್ಲಿ 160 ಸಾಕು. ಮರೆತರೆ ಹೆಚ್ಚಾಗಿ ಹಿಡಿದ 705 × 26, ಅಂದರೆ 18,330 ಡಾಲರ್ ಮುಂದಿನ ರಿಟರ್ನ್‌ವರೆಗೆ ಸರ್ಕಾರದ ಹತ್ತಿರ ಬಡ್ಡಿ ಇಲ್ಲದೆ ಕೂತಿರುತ್ತದೆ.