ಬಾತುಕೋಳಿ ಗೇಮ್: ಗನ್‌ನಿಂದ ಒಂದೂ ಬೀಳುತ್ತಿಲ್ಲ (ಟ್ಯೂಬ್ ಟಿವಿಯೇ ಇದೆ, ಎಲ್‌ಸಿಡಿ ಅಲ್ಲ)

ತಿಪಟೂರು_8ಬಿಟ್ · ಭಾನುವಾರ ರಾತ್ರಿ 10:40

ಮೂರು ವಾರದಿಂದ ತಲೆ ಕೆಟ್ಟುಹೋಗಿದೆ. ಅಟ್ಟದಲ್ಲಿದ್ದ ಹಳೆಯ ಕ್ಯಾಸೆಟ್ ವಿಡಿಯೋ ಗೇಮ್ ಇಳಿಸಿ, ಅಡಾಪ್ಟರ್ ಬದಲಿಸಿ, ಟಿವಿಗೆ ಜೋಡಿಸಿದೆ. ಮಾರಿಯೋ, ಕಾಂಟ್ರಾ ಎರಡೂ ಚೆನ್ನಾಗಿ ನಡೆಯುತ್ತವೆ. ಪರದೆಯಲ್ಲಿ ಹಾರುವ ಹಕ್ಕಿಗಳನ್ನು ಗನ್ನಿನಿಂದ ಹೊಡೆಯುವ ಬಾತುಕೋಳಿ ಗೇಮ್ ಮಾತ್ರ ಕೈಕೊಟ್ಟಿದೆ. ಟ್ರಿಗರ್ ಎಳೆದರೆ ಪರದೆ ಒಮ್ಮೆ ಕಪ್ಪಾಗುತ್ತದೆ, ಗುಂಡು ಒಂದು ಕಡಿಮೆಯಾಗುತ್ತದೆ, ಹಕ್ಕಿ ಹಾರಿಹೋಗುತ್ತದೆ, ನಾಯಿ ಎದ್ದು ನಗುತ್ತದೆ. ಗನ್ನಿನ ಮೂತಿಯನ್ನು ಗಾಜಿಗೇ ಒತ್ತಿ ಹಿಡಿದರೂ ಅಷ್ಟೇ. ಇದೇ ಗನ್ನಿನಲ್ಲಿ ನಾನು, ನನ್ನ ತಮ್ಮ ಬೇಸಿಗೆ ರಜೆಯಿಡೀ ಆಡಿದ್ದೇವೆ. ಈಗ ಮಗಳಿಗೆ ತೋರಿಸುತ್ತೇನೆಂದು ಮಾತು ಕೊಟ್ಟಿದ್ದೇನೆ. ಟಿವಿ ಟ್ಯೂಬಿನದೇ. ಏನು ಮಾಡಲಿ?

ಬೆಸುಗೆ_ಕಡ್ಡಿ · ರಾತ್ರಿ 11:05

ಕೆಪಾಸಿಟರ್. ಮೂವತ್ತು ವರ್ಷ ಅಟ್ಟದಲ್ಲಿದ್ದ ಗನ್ನಿನಲ್ಲಿ ಅದು ಒಣಗದೆ ಇರುವುದಿಲ್ಲ. ಪರದೆ ಕಪ್ಪಾಗುತ್ತಿದೆ ಎಂದರೆ ಟ್ರಿಗರಿನ ತಂತಿ ಸರಿಯಿದೆ. ಬೆಳಕು ಹಿಡಿಯುವ ಭಾಗ ಸತ್ತಿದೆ. ಬಿಚ್ಚಿ, ಒಳಗಿನ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳನ್ನು ಬದಲಿಸಿ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಚಿಲ್ಲರೆ ದುಡ್ಡಿಗೆ ಸಿಗುತ್ತವೆ.

ಕ್ಯಾಸೆಟ್_ಸಂಗ್ರಹ · ರಾತ್ರಿ 11:31

ಮೊದಲು ಕ್ಯಾಸೆಟ್ ಯಾವುದೆಂದು ಹೇಳಿ. 60 ಹರ್ಟ್ಸ್‌ಗೆಂದು, ಅಂದರೆ ಸೆಕೆಂಡಿಗೆ 60 ಸಲ ಪರದೆ ಬಿಡಿಸುವ ಟಿವಿಗೆಂದು, ಬರೆದ ಗೇಮನ್ನು 50 ಹರ್ಟ್ಸ್ ಯಂತ್ರದಲ್ಲಿ ಹಾಕಿದರೆ ಲೆಕ್ಕ ತಪ್ಪುತ್ತದೆ. ಗನ್ ಆಟದಲ್ಲಿ ಸಮಯವೇ ಜೀವಾಳ.

ಬೆಸುಗೆ_ಕಡ್ಡಿ · ರಾತ್ರಿ 11:40

ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ನಮ್ಮಲ್ಲಿ ಮಾರಿದ ನಿಂಟೆಂಡೊ ನಕಲು ಯಂತ್ರಗಳು ಪಾಲ್ ಟಿವಿಗೆಂದೇ, ಅಂದರೆ ನಮ್ಮ 50 ಹರ್ಟ್ಸ್ ಟಿವಿಗೆಂದೇ ಮಾಡಿದವು. ಅವುಗಳಲ್ಲಿ ಇದೇ ಬಾತುಕೋಳಿಯನ್ನು ಹೊಡೆದು ನಾವೆಲ್ಲ ಬೆಳೆದಿಲ್ಲವೇ? ಆಟ ತುಸು ನಿಧಾನವಾಗುತ್ತದೆ, ಅಷ್ಟೇ. ಮತ್ತೆ ಅದನ್ನು ಕ್ಯಾಸೆಟ್ ಎನ್ನಬೇಡಿ, ಕಾರ್ಟ್ರಿಜ್.

ಕ್ಯಾಸೆಟ್_ಸಂಗ್ರಹ · ರಾತ್ರಿ 11:52

ಅಂಗಡಿಯವರೂ ಕ್ಯಾಸೆಟ್ ಎಂದೇ ಕೊಟ್ಟರು, ನಾವೂ ಕ್ಯಾಸೆಟ್ ಎಂದೇ ಕೇಳಿ ತಂದೆವು. ಆ ಹೆಸರು ನನ್ನ ಮಟ್ಟಿಗೆ ಬದಲಾಗುವುದಿಲ್ಲ. ಮತ್ತು ‘ತುಸು ನಿಧಾನ’ ಅಲ್ಲ, ಆರರಲ್ಲಿ ಒಂದು ಪಾಲು ನಿಧಾನ. ಸಂಗೀತ ಕೇಳಿದರೆ ಗೊತ್ತಾಗುತ್ತದೆ.

ತಿಪಟೂರು_8ಬಿಟ್ · ಮುಂದಿನ ಭಾನುವಾರ ಸಂಜೆ 6:15

ಕೆಪಾಸಿಟರ್ ಬದಲಿಸಿದೆ. ಇಡೀ ಮಧ್ಯಾಹ್ನ ಹೋಯಿತು. ಒಂದು ತಂತಿ ಕಿತ್ತು ಮತ್ತೆ ಬೆಸೆಯಬೇಕಾಯಿತು. ಮೂತಿಯ ಗಾಜುಗುಂಡಿನ ಮೇಲಿದ್ದ ಧೂಳನ್ನೂ ಒರೆಸಿದೆ. ಫಲಿತಾಂಶ ಸೊನ್ನೆ. ಮಗಳು ಪಕ್ಕದಲ್ಲಿ ಕುಳಿತು ಕಾಯುತ್ತಲೇ ಇದ್ದಳು.

ಬೆಸುಗೆ_ಕಡ್ಡಿ · ಸಂಜೆ 6:30

ಹಾಗಾದರೆ ಬೆಳಕಿನ ಸೆನ್ಸರೇ ಹೋಗಿದೆ. ಅದನ್ನೂ ಬದಲಿಸಿ. ಜೊತೆಗೆ ಟಿವಿಯ ಬ್ರೈಟ್‌ನೆಸ್ ಪೂರ್ತಿ ಏರಿಸಿ ನೋಡಿ. ಸಾಲದಿದ್ದರೆ ಟಿವಿಯ ಹಿಂಬದಿ ಬಿಚ್ಚಿ ಒಳಗಿನ ತಿರುಪಿನಲ್ಲೂ ಸ್ವಲ್ಪ ಏರಿಸಬಹುದು.

ಸ್ಕ್ಯಾನ್‌ಲೈನ್ · ಸಂಜೆ 7:02

ದಯವಿಟ್ಟು ಟಿವಿ ಬಿಚ್ಚಬೇಡಿ. ಬಣ್ಣದ ಟ್ಯೂಬಿನಲ್ಲಿ 20,000 ವೋಲ್ಟ್‌ಗೂ ಹೆಚ್ಚಿರುತ್ತದೆ, ಪ್ಲಗ್ ಕಿತ್ತ ಮೇಲೂ ಅದು ಉಳಿದಿರಬಹುದು. ಅಭ್ಯಾಸವಿಲ್ಲದವರಿಗೆ ಆ ಸಲಹೆ ಕೊಡುವುದೇ ತಪ್ಪು.

ತಿಪಟೂರಿನವರೇ, ಒಂದು ಪ್ರಶ್ನೆ. ಟಿವಿ ಹಚ್ಚಿ, ದನಿ ಪೂರ್ತಿ ಇಳಿಸಿ, ಮಗಳನ್ನು ಹತ್ತಿರ ನಿಲ್ಲಿಸಿ ಕೇಳಿ: ಸೊಳ್ಳೆಯ ದನಿಗಿಂತಲೂ ಸಣ್ಣದಾದ ‘ಕೀಂ’ ಎಂಬ ಶಬ್ದ ಬರುತ್ತಿದೆಯೇ? ನಿಮಗೆ ಕೇಳಿಸಲಿಕ್ಕಿಲ್ಲ, ಮಕ್ಕಳಿಗೆ ಕೇಳಿಸುತ್ತದೆ.

ಟ್ಯೂಬ್_ದಾವಣಗೆರೆ · ಸಂಜೆ 7:20

ನನ್ನ ಬಳಿ ಇರುವುದು ಸ್ಟುಡಿಯೋದವರು ಬಳಸುತ್ತಿದ್ದ 20 ಇಂಚಿನ ಮಾನಿಟರ್. ಆರ್‌ಜಿಬಿ ತಂತಿ ಹಾಕಿದರೆ ಒಂದೊಂದು ಗೆರೆಯನ್ನೂ ಎಣಿಸಬಹುದು. ಪಕ್ಕದಲ್ಲಿ 14 ಇಂಚಿನದು ಎರಡು, 21 ಇಂಚಿನದು ಮೂರು. ಮೇಜು ಸಾಲದೆ ಕಡಪಾ ಕಲ್ಲಿನ ಕಟ್ಟೆ ಕಟ್ಟಿಸಿದ್ದೇನೆ. ನಾಳೆ ಫೋಟೋ ಹಾಕುತ್ತೇನೆ.

ತಿಪಟೂರು_8ಬಿಟ್ · ರಾತ್ರಿ 8:10

ಮಗಳಿಗೆ ಏನೂ ಕೇಳಿಸುತ್ತಿಲ್ಲ ಎಂದಳು. ಎರಡು ಸಲ ಹಚ್ಚಿ ಆರಿಸಿ ನೋಡಿದೆವು. ಅವಳಿಗೆ ಒಂಬತ್ತು ವರ್ಷ, ಕಿವಿ ಚುರುಕಾಗಿದೆ.

ಸ್ಕ್ಯಾನ್‌ಲೈನ್ · ರಾತ್ರಿ 8:26

ಟಿವಿಯ ಮುಂಭಾಗದ ಫೋಟೋ ಹಾಕಿ. ಕೆಳಗಿನ ಅಂಚು ಕಾಣಬೇಕು.

ತಿಪಟೂರು_8ಬಿಟ್ · ರಾತ್ರಿ 8:41

ಹಾಕಿದ್ದೇನೆ. ಚಪ್ಪಟೆ ಗಾಜಿನ 29 ಇಂಚು. ಹೋದ ತಿಂಗಳು ಭಾವನ ಮನೆಯಿಂದ ತಂದೆ. ಬಲಗಡೆ ‘100’ ಎಂಬ ಬೆಳ್ಳಿ ಬಣ್ಣದ ಬಿಲ್ಲೆ ಇದೆ. ಅದು ಚಾನೆಲ್ ಸಂಖ್ಯೆ ಇರಬೇಕು.

ಸ್ಕ್ಯಾನ್‌ಲೈನ್ · ರಾತ್ರಿ 9:15

ರೋಗ ಅಲ್ಲೇ ಇದೆ. ಅದು 100 ಹರ್ಟ್ಸ್ ಟಿವಿ. ಗನ್ ಸರಿಯಾಗಿಯೇ ಇದ್ದಿರಬೇಕು.

ಗನ್ನಿನಿಂದ ಟಿವಿಗೆ ಏನೂ ಹೋಗುವುದಿಲ್ಲ. ಗನ್ ಟಿವಿಯನ್ನು ನೋಡುತ್ತದೆ, ಅಷ್ಟೇ. ಟ್ರಿಗರ್ ಎಳೆದ ಕೂಡಲೇ ಗೇಮ್ ಪರದೆಯನ್ನು ಕಪ್ಪು ಮಾಡುತ್ತದೆ, ಮರುಕ್ಷಣ ಹಕ್ಕಿಯ ಜಾಗದಲ್ಲಿ ಬಿಳಿ ಚೌಕ ಬಿಡಿಸುತ್ತದೆ. ಎರಡು ಹಕ್ಕಿಗಳಿದ್ದರೆ ಒಂದಾದ ಮೇಲೆ ಒಂದು ಚೌಕ. ಚೌಕ ಬಿಡಿಸಿದ ಆ 20 ಮಿಲಿಸೆಕೆಂಡಿನೊಳಗೇ ಗನ್ನಿಗೆ ಬೆಳಕು ಕಂಡರೆ ಹಕ್ಕಿ ಬೀಳುತ್ತದೆ. ಸಾಮಾನ್ಯ ಟ್ಯೂಬ್ ಟಿವಿ ಯಂತ್ರ ಕಳುಹಿಸಿದ ಗೆರೆಯನ್ನು ಆ ಕ್ಷಣವೇ ಗಾಜಿನ ಮೇಲೆ ಎಳೆಯುತ್ತದೆ. 100 ಹರ್ಟ್ಸ್ ಟಿವಿ ಹಾಗಲ್ಲ. ಕಣ್ಣಿಗೆ ಮಿನುಗಬಾರದೆಂದು ಚಿತ್ರವನ್ನು ಮೊದಲು ಮೆಮೊರಿಯಲ್ಲಿ ಇಟ್ಟುಕೊಂಡು, ಆಮೇಲೆ ಎರಡೆರಡು ಸಲ ತೋರಿಸುತ್ತದೆ. ಬಿಳಿ ಚೌಕ ಗಾಜಿಗೆ ಬರುವ ಹೊತ್ತಿಗೆ ಗೇಮ್ ‘ತಪ್ಪಿತು’ ಎಂದು ತೀರ್ಮಾನಿಸಿ ಆಗಿರುತ್ತದೆ.

ಮಗಳ ಕಿವಿಯ ವಿಷಯ: ನಮ್ಮ ಪಾಲ್ ಟಿವಿಯಲ್ಲಿ 625 ಗೆರೆಗಳು, ಸೆಕೆಂಡಿಗೆ 25 ಪೂರ್ತಿ ಚಿತ್ರಗಳು (ಒಂದೊಂದನ್ನೂ ಎರಡು ಅರ್ಧಗಳಾಗಿ ಬಿಡಿಸುವುದರಿಂದ 50 ಹರ್ಟ್ಸ್). ಗುಣಿಸಿದರೆ ಸೆಕೆಂಡಿಗೆ 15,625 ಗೆರೆ. ಆ ‘ಕೀಂ’ ಅದೇ. ನಿಮ್ಮದರಲ್ಲಿ ಅದು ಇಮ್ಮಡಿ, 31,250. ಮನುಷ್ಯರ ಕಿವಿಗೆ ನಿಲುಕದು. ನಿಂಟೆಂಡೊದ ಮೂಲ ಗನ್ನಿನಲ್ಲಿ 15 ಸಾವಿರದ ಆಸುಪಾಸಿನ ಮಿಡಿತವನ್ನಷ್ಟೇ ಒಳಬಿಡುವ ಫಿಲ್ಟರ್ ಕೂಡ ಇದೆ, ಬಲ್ಬಿಗೆ ಗುರಿಯಿಟ್ಟು ಮೋಸ ಮಾಡಬಾರದೆಂದು. ನಿಮ್ಮ ಗನ್ನಿನಲ್ಲಿ ಅದು ಇರಲಿ, ಇಲ್ಲದಿರಲಿ, ಈ ಟಿವಿಯಲ್ಲಿ ಆಗುವುದಿಲ್ಲ.

ತಿಪಟೂರು_8ಬಿಟ್ · ರಾತ್ರಿ 9:33

ಮೆನುವಿನಲ್ಲಿ ಆ 100 ಹರ್ಟ್ಸ್ ಅನ್ನು ಆಫ್ ಮಾಡಲು ಬರುವುದಿಲ್ಲವೇ? ಎಲ್ಲ ಹುಡುಕಿದೆ. ‘ಡಿಜಿಟಲ್’ ಎಂದು ಒಂದಿದೆ, ಬದಲಿಸಿದರೂ ನಾಯಿ ನಗುತ್ತಲೇ ಇದೆ.

ಸ್ಕ್ಯಾನ್‌ಲೈನ್ · ರಾತ್ರಿ 9:40

ಅಂಥ ಆಯ್ಕೆಗಳು ಹೆಚ್ಚಾಗಿ ಚಿತ್ರದ ನಯವನ್ನಷ್ಟೇ ಬದಲಿಸುತ್ತವೆ, ವಿಳಂಬ ಹಾಗೇ ಉಳಿಯುತ್ತದೆ. ಬೇರೆ ಟಿವಿಯೇ ಬೇಕು.

ಬೆಸುಗೆ_ಕಡ್ಡಿ · ರಾತ್ರಿ 9:58

ಟ್ಯೂಬ್ ಟಿವಿ ಎಂದಷ್ಟೇ ಬರೆದಿದ್ದರು, 100 ಹರ್ಟ್ಸ್ ಎಂದು ಹೇಳಿರಲಿಲ್ಲ. ಆದರೂ ಆ ಕೆಪಾಸಿಟರ್‌ಗಳನ್ನು ಬದಲಿಸಲೇಬೇಕಿತ್ತು. ನಾನು ಹೇಳಿದ್ದು ತಪ್ಪಲ್ಲ.

ಕ್ಯಾಸೆಟ್_ಸಂಗ್ರಹ · ರಾತ್ರಿ 10:04

ಎಲ್‌ಸಿಡಿಯಲ್ಲೇ ಆಡಬೇಕೆಂದರೆ ಕ್ಯಾಮೆರಾ ಇರುವ ಸಿಂಡೆನ್ ಗನ್ ಇದೆ, ಚಿತ್ರದ ಸುತ್ತ ಬಿಳಿ ಚೌಕಟ್ಟು ಹಾಕಿ ಗುರಿ ಲೆಕ್ಕ ಹಾಕುತ್ತದೆ. ಆದರೆ ಅದಕ್ಕೆ ಕಂಪ್ಯೂಟರ್ ಬೇಕು, ನಿಮ್ಮ ಹಳೆಯ ಯಂತ್ರಕ್ಕೆ ಹೊಂದುವುದಿಲ್ಲ.

ಟ್ಯೂಬ್_ದಾವಣಗೆರೆ · ರಾತ್ರಿ 10:20

14 ಇಂಚಿನ ಎರಡರಲ್ಲಿ ಒಂದನ್ನು ತೆಗೆದುಕೊಂಡು ಹೋಗಿ. ಸಾಮಾನ್ಯ 50 ಹರ್ಟ್ಸ್‌ನದು, ಹಿಂದೆ ಹಳದಿ ಎವಿ ಪಿನ್ ಇದೆ. ದುಡ್ಡು ಬೇಡ. ಮಕ್ಕಳು ಆಡುತ್ತಾರೆಂದರೆ ಸಾಕು. ಬಸ್ಸಿನಲ್ಲಿ ಒಯ್ಯುವುದಾದರೆ ಗಾಜಿನ ಮುಖವನ್ನು ಎದೆಗೆ ಒತ್ತಿ ಹಿಡಿಯಬೇಕು, ಭಾರವೆಲ್ಲ ಆ ಕಡೆಗೇ ಇರುತ್ತದೆ.

ತಿಪಟೂರು_8ಬಿಟ್ · ರಾತ್ರಿ 10:32

ಸರ್, ಏನು ಹೇಳಬೇಕೋ ತೋಚುತ್ತಿಲ್ಲ. ಶನಿವಾರ ಬೆಳಗಿನ ರೈಲಿಗೆ ಬರುತ್ತೇನೆ, ಮಗಳೂ ಬರುತ್ತಾಳೆ. ಯಂತ್ರ, ಗನ್ ಎರಡನ್ನೂ ತರುತ್ತೇವೆ. ಹಚ್ಚಿದ ಕೂಡಲೇ ‘ಕೀಂ’ ಕೇಳಿಸುತ್ತದೆಯೇ ಎಂದು ಮೊದಲು ತಾನೇ ಕೇಳಿ ನೋಡಬೇಕಂತೆ.