ಸ್ಕ್ಯಾನ್ ವರದಿಯ ‘ಲೀಷನ್’ಗೆ ಕನ್ನಡದಲ್ಲಿ ಏನನ್ನೋಣ?

ಬಳಗದವರಿಗೆ ನಮಸ್ಕಾರ.

ಫಿಟ್ಸ್ ಬಂದವರ ಮನೆಯವರಿಗೆ ಎಂಆರ್‌ಐ ವರದಿ ಅರ್ಥವಾಗಲಿ ಅಂತ ಒಂದು ಕೈಪಿಡಿ ಬರೆಯುತ್ತಿದ್ದೇನೆ. ‘ಲೀಷನ್’, ಅಂದರೆ ಸ್ಕ್ಯಾನ್‌ನಲ್ಲಿ ಸಹಜವಲ್ಲದೆ ಕಾಣುವ ಭಾಗ, ಈ ಪದದ ಹತ್ತಿರ ಬಂದು ನಿಂತಿದ್ದೇನೆ.

‘ಗಾಯ’ ಅಂದರೆ ಪೆಟ್ಟು ಬಿದ್ದಿದೆ ಅಂತಾಗುತ್ತದೆ. ‘ಹುಣ್ಣು’ ಅಂದರೆ ಕೀವು ಕಣ್ಣಿಗೆ ಬರುತ್ತದೆ. ಆಸ್ಪತ್ರೆಯಲ್ಲಿ ಜಾಸ್ತಿ ಕೇಳೋದು ‘ಗಡ್ಡೆ’. ಅದು ಕಿವಿಗೆ ಬಿದ್ದ ಕೂಡಲೇ ಜನ ಕ್ಯಾನ್ಸರ್ ಅಂತ ಕುಸಿದು ಕೂರುತ್ತಾರೆ. ಅದಲ್ಲದೆ ಪಾರ್ಶ್ವವಾಯುವಿನಲ್ಲಿ ರಕ್ತ ಸಿಗದೆ ಸತ್ತ ಜಾಗವೂ ಲೀಷನ್ನೇ. ಅಲ್ಲಿ ಗಡ್ಡೆ ಎಲ್ಲಿದೆ?

ಬೇಕಿರೋದು ಕಾಯಿಲೆ ಯಾವುದು ಅಂತ ಮೊದಲೇ ತೀರ್ಪು ಕೊಡದ ಪದ. ಸ್ಕ್ಯಾನ್ ಮಾಡೋದೇ ಅದನ್ನು ಪತ್ತೆಹಚ್ಚೋಕೆ, ಅಲ್ವಾ? ಚಿತ್ರ ಎದ್ದು ಕಾಣಲಿ ಅಂತ ಕಾಂಟ್ರಾಸ್ಟ್ ಇಂಜೆಕ್ಷನ್ ಕೊಟ್ಟಾಗ ಅಂಚು ಉಂಗುರದ ಹಾಗೆ ಬೆಳಗುವ ಸಣ್ಣ ಲೀಷನ್ ನಮ್ಮ ದೇಶದಲ್ಲಿ ಮಾಮೂಲು. ಅದು ಲಾಡಿಹುಳದ ಮರಿ ಇರಬಹುದು, ಟಿಬಿ ಇರಬಹುದು. 20 ಮಿ.ಮೀ.ಗಿಂತ ಚಿಕ್ಕದಿದ್ದರೆ ಸಾಮಾನ್ಯವಾಗಿ ಹುಳದ್ದು. ಒಳಗೆ ಒಂದು ಪಕ್ಕಕ್ಕೆ ಚುಕ್ಕಿಯಂತೆ ಹುಳದ ತಲೆ ಕಂಡುಬಿಟ್ಟರಂತೂ ಅನುಮಾನವೇ ಬೇಡ. ದೊಡ್ಡದಾಗಿ, ಅಂಚು ಅಂಕುಡೊಂಕಾಗಿದ್ದರೆ ಟಿಬಿ ಕಡೆ ವಾಲುತ್ತಾರೆ. ಆ ಜಾಗದಲ್ಲಿ ಯಾವ ರಾಸಾಯನಿಕಗಳಿವೆ ಅಂತ ಗ್ರಾಫಿನಲ್ಲಿ ತೋರಿಸುವ ಸ್ಪೆಕ್ಟ್ರೋಸ್ಕೋಪಿಯಲ್ಲಿ 1.3 ಪಿಪಿಎಂ (ಆ ಗ್ರಾಫಿನ ಅಳತೆ) ಸುಮಾರಿಗೆ ಕೊಬ್ಬಿನ ಗೆರೆ ಎದ್ದು ನಿಂತರೆ ಆ ಅನುಮಾನಕ್ಕೆ ಬಲ ಬರುತ್ತದೆ. ಕೀವು ತುಂಬಿದ್ದರೆ ನೀರಿನ ಕಣಗಳ ಓಡಾಟ ತೋರಿಸುವ ಡಿಫ್ಯೂಷನ್ ಚಿತ್ರದಲ್ಲಿ ನಡುಭಾಗ ಬೆಳ್ಳಗೆ ಹೊಳೆಯುತ್ತದೆ. ಮಂದ ಕೀವಿನಲ್ಲಿ ನೀರಿನ ಕಣಗಳು ಸಲೀಸಾಗಿ ಓಡಾಡಲಾರವು, ಅದಕ್ಕೆ.

ಹೆಸರಿಡಲು ಆತುರಪಟ್ಟರೆ ಏನಾಗುತ್ತದೆ ಅನ್ನೋದಕ್ಕೆ ಉದಾಹರಣೆ ಇಲ್ಲೇ ಇದೆ. 1980ರ ದಶಕದಲ್ಲಿ ಉಂಗುರದಂತೆ ಬೆಳಗುವ ಇಂಥ ಸಣ್ಣ ಲೀಷನ್‌ಗಳನ್ನು ಟಿಬಿ ಗಂಟು ಅಂದುಕೊಂಡೇ ಮಾತ್ರೆ ಕೊಡುವುದಿತ್ತು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನವರು ತೆಗೆದು ಪರೀಕ್ಷಿಸಿದಾಗ ಹೆಚ್ಚಿನವು ಹುಳದ್ದು ಅಂತ ತಿಳಿಯಿತು.

ನನ್ನ ಓಟು ‘ಕಲೆ’ಗೆ. ‘ಸ್ಕ್ಯಾನ್‌ನಲ್ಲಿ ಒಂದು ಕಲೆ ಕಾಣುತ್ತಿದೆ’ ಅಂದರೆ ಸುಳ್ಳೂ ಅಲ್ಲ, ಗಾಬರಿಯೂ ಇಲ್ಲ. ತೊಂದರೆ ಏನಂದ್ರೆ, ‘ಮೆದುಳಿನ ಕಲೆ’ ಅಂತ ತಲೆಬರಹ ಕೊಟ್ಟರೆ ಚಿತ್ರಕಲೆ, ಸಂಗೀತ ಅಂತ ಓದಿಯಾರು! ‘ಮಚ್ಚೆ’ ಚರ್ಮ ಬಿಟ್ಟು ಒಳಗೆ ಹೋಗಲ್ಲ. ‘ಕೆಟ್ಟ ಜಾಗ’ ಅಂದರೆ ದೆವ್ವದ ಕಥೆ.

ಇನ್ನೊಂದು, ದೇಹ ಕೊಯ್ಯದೆ ಮಾಡುವ ‘ನಾನ್-ಇನ್ವೇಸಿವ್’ ತಪಾಸಣೆಗೆ ‘ಅನಾಕ್ರಮಣಕಾರಿ ತಪಾಸಣೆ’ ಅಂತ ಕೆಲವರು ಬರೆಯುತ್ತಾರೆ. ಯುದ್ಧದ ಸುದ್ದಿ ಓದಿದಂತಾಗುತ್ತದೆ. ‘ಚುಚ್ಚದೆ ಕೊಯ್ಯದೆ’ ಅನ್ನೋಣ ಅಂದರೆ ಕಾಂಟ್ರಾಸ್ಟ್‌ಗೆ ಸೂಜಿ ಚುಚ್ಚುತ್ತಾರಲ್ಲ. ಸುಮ್ನೆ ‘ತಲೆ ಕೊಯ್ಯದೆ ಮಾಡುವ ತಪಾಸಣೆ’ ಸಾಕೇ? ಕಲಬುರಗಿ, ಮಂಗಳೂರು ಕಡೆಯ ಡಾಕ್ಟರುಗಳು ರೋಗಿಗಳಿಗೆ ಲೀಷನ್ ಅನ್ನೋದನ್ನು ಏನಂತ ಹೇಳುತ್ತಾರೆ? ಗೊತ್ತಿದ್ದವರು ಅವರ ಮಾತಲ್ಲೇ ಬರೆದು ಕಳಿಸಿ.