ಕಿರುಬೆರಳಿನ ಜೋಮು: ಗುಂಪಿನ ವೈದ್ಯೆಗೆ ಕೇಳಿದ ಪ್ರಶ್ನೆಗಳು

ಸುಮಾ: ಮೇಡಂ, ಮೊಬೈಲ್ ಹಿಡಿದು ಮಲಗಿದರೆ ಕಿರುಬೆರಳೂ ಉಂಗುರ ಬೆರಳಿನ ಅರ್ಧವೂ ಜೋಮು ಹಿಡಿಯುತ್ತವೆ. ಇದು ಬಹಳ ಜನರಿಗೆ ಇರುತ್ತದೆಯೇ?

ವೈದ್ಯೆ: ಇರುತ್ತದೆ. ಕೈಯ ನರ ಒತ್ತಿಕೊಳ್ಳುವ ತೊಂದರೆಗಳಲ್ಲಿ ಮಣಿಕಟ್ಟಿನದು ಮೊದಲು, ಮೊಣಕೈಯದು ಎರಡನೆಯದು. ಕಿರುಬೆರಳಿಗೂ ಉಂಗುರ ಬೆರಳಿನ ಅರ್ಧಕ್ಕೂ ಹೋಗುವ ಅಲ್ನಾರ್ ನರ ಮೊಣಕೈಯ ಒಳಬದಿಯ ಮೂಳೆಯ ಹಿಂದೆ, ಚರ್ಮದ ಕೆಳಗೇ ಹಾದುಹೋಗುತ್ತದೆ. ಕೈ ಮಡಚಿದಷ್ಟೂ ನರ ಎಳೆದುಕೊಳ್ಳುತ್ತದೆ, ಅದರ ದಾರಿಯೂ ಕಿರಿದಾಗುತ್ತದೆ. ರಾತ್ರಿ ಮೊಣಕೈಗೆ ಟವೆಲ್ ಸಡಿಲವಾಗಿ ಸುತ್ತಿ ಮಲಗಿ. ಮೇಜಿನ ಮೇಲೆ ಮೊಣಕೈ ಊರಬೇಡಿ.

ಗಿರೀಶ: ನನಗೂ ಹಾಗೆಯೇ. ಏನು ಮಾಡಲಿ?

ವೈದ್ಯೆ: ಮೇಲೆ ಬರೆದಿದ್ದೇನೆ.

ಶಾರದಮ್ಮ: ನಮ್ಮ ಗುಂಪಿಗೆ ಬಂದದ್ದು: ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆಯಿಂದ ಮೊಣಕೈಯನ್ನು ಬಲವಾಗಿ ತಿಕ್ಕಿದರೆ ನರದ ಗಂಟು ಬಿಡುತ್ತದೆ. ಎಲ್ಲರಿಗೂ ಕಳುಹಿಸಿ.

ವೈದ್ಯೆ: ಕಳುಹಿಸಬೇಡಿ ಅಮ್ಮ. ಒತ್ತಿಕೊಂಡ ನರವನ್ನು ತಿಕ್ಕಿದರೆ ಇನ್ನಷ್ಟು ಕೆಡುತ್ತದೆ. ಮರಗಟ್ಟಿದ ಬೆರಳಿಗೆ ಬಿಸಿ ಎಣ್ಣೆ ಸುಟ್ಟರೂ ತಿಳಿಯುವುದಿಲ್ಲ.

ಲತಾ: ಆಪರೇಷನ್‌ಗೆ ಎಷ್ಟು ಖರ್ಚಾಗುತ್ತದೆ?

ಮಂಜುನಾಥ: ತಂದೆಗೆ 52 ವರ್ಷ. ಬಲಗೈಯ ಕೊನೆಯ ಎರಡು ಬೆರಳು ನಾಲ್ಕು ತಿಂಗಳಿಂದ ಮರಗಟ್ಟಿವೆ, ನೋವಿಲ್ಲ. ಬಾಗಿದ ಬೆರಳು ನೆಟ್ಟಗಾಗುವುದಿಲ್ಲ. ತುತ್ತು ಎತ್ತಿದರೆ ಅನ್ನ ಉದುರುತ್ತದೆ. ಹೆಬ್ಬೆರಳು, ತೋರುಬೆರಳಿನ ನಡುವೆ ಗುಳಿ ಬಿದ್ದಿದೆ. ಮೊಣಕೈ ಬಳಿ ಹುರಿಯಂಥದ್ದು ಕೈಗೆ ಸಿಗುತ್ತದೆ. ತೋಳಿನ ಮೇಲೊಂದು ತಿಳಿ ಮಚ್ಚೆಯಿದೆ, ಬಿಸಿಲಿನದೆಂದು ಬಿಟ್ಟಿದ್ದೇವೆ.

ವೈದ್ಯೆ: ಮಂಜುನಾಥ ಅವರೇ, ಇದನ್ನು ಎರಡು ಸಲ ಓದಿದೆ. ಗುಳಿ ಬಿದ್ದಿದೆ ಎಂದರೆ ಸ್ನಾಯು ಸೊರಗಿದೆ; ಟವೆಲ್ ಸುತ್ತಿ ಕಾಯುವ ಹಂತ ದಾಟಿದೆ. ಬಾಲ್ಯದಲ್ಲಿ ಮೊಣಕೈ ಮುರಿದು ಸೊಟ್ಟಗೆ ಕೂಡಿಕೊಂಡವರಿಗೆ ಎಷ್ಟೋ ವರ್ಷಗಳ ಮೇಲೆ ಹೀಗಾಗುವುದುಂಟು, ಅದನ್ನು ಕೇಳಿ. ಆದರೆ ದಪ್ಪಗಾದ ನರವೂ ತಿಳಿ ಮಚ್ಚೆಯೂ ಒಟ್ಟಿಗಿದ್ದರೆ ನಮ್ಮ ದೇಶದಲ್ಲಿ ಕುಷ್ಠರೋಗವನ್ನು ಮೊದಲು ನೋಡಬೇಕು. ಅದು ಹೆಚ್ಚಾಗಿ ಹಿಡಿಯುವ ನರಗಳಲ್ಲಿ ಮೊಣಕೈಯ ಈ ನರವೂ ಒಂದು. ತಂದೆಯವರ ಕಣ್ಣು ಮುಚ್ಚಿಸಿ, ಹತ್ತಿಯ ಎಳೆಯಿಂದ ಮಚ್ಚೆಯನ್ನೂ ಪಕ್ಕದ ಚರ್ಮವನ್ನೂ ಮುಟ್ಟಿ; ಮುಟ್ಟಿದ ಕಡೆ ಬೆರಳಿಟ್ಟು ತೋರಿಸಲಿ. ಸರ್ಕಾರಿ ಆಸ್ಪತ್ರೆಯಲ್ಲಿ ಔಷಧ ಉಚಿತ, 6 ಅಥವಾ 12 ತಿಂಗಳು. ನರದ ಊತಕ್ಕೆ ಸ್ಟಿರಾಯ್ಡ್ ಬೇರೆ ಬೇಕಾಗಬಹುದು. ಬಲ ಕುಂದಿ ಆರು ತಿಂಗಳು ದಾಟುವ ಮೊದಲೇ ಶುರುವಾದರೆ ಕೈ ಉಳಿಯುವ ಸಾಧ್ಯತೆ ಹೆಚ್ಚು.

ರಮೇಶ: ಎಲ್ಲರೆದುರು ಆ ರೋಗದ ಹೆಸರು ಹೇಳುವುದೇ? 2005ರಲ್ಲೇ ದೇಶದಿಂದ ತೊಲಗಿದೆ.

ಸುಮಾ: ಹೆಸರು ಹೇಳಲು ನಾಚಿದ್ದಕ್ಕೇ ನಮ್ಮ ಅಜ್ಜನ ಬೆರಳು ಹೋದವು.

ರಮೇಶ: ನಿಮ್ಮ ಅಜ್ಜನ ಕಥೆ ಇಲ್ಲಿ ಯಾರು ಕೇಳಿದರು?

ಸುಮಾ: ಕೇಳಿದ್ದರೆ ನೀವು ಹೀಗೆ ಬರೆಯುತ್ತಿರಲಿಲ್ಲ.

ವೈದ್ಯೆ: ರಮೇಶ್, 2005ರ ಘೋಷಣೆಯ ಅರ್ಥ ಹತ್ತು ಸಾವಿರ ಜನರಿಗೆ ಒಬ್ಬ ರೋಗಿಗಿಂತ ಕಡಿಮೆ ಎಂದು. ಒಬ್ಬರೂ ಇಲ್ಲವೆಂದಲ್ಲ. ತಿಳಿಯದೆ ಬರೆದು ಒಬ್ಬರ ಕೈ ಕಳೆಯಬೇಡಿ.

ಗಿರೀಶ: ಬಿ12 ಮಾತ್ರೆ ಸಾಕಲ್ಲವೇ?

ವೈದ್ಯೆ: ಸಾಲದು.

ಶಾರದಮ್ಮ: ಎಣ್ಣೆಯಿಂದ ನಮ್ಮ ನಾದಿನಿಗೆ ಗುಣವಾಗಿದೆ. ದೊಡ್ಡವರ ಮಾತಿಗೆ ಬೆಲೆಯೇ ಇಲ್ಲ.

ಮಂಜುನಾಥ: ಹತ್ತಿ ಮುಟ್ಟಿಸಿದೆ ಮೇಡಂ. ಪಕ್ಕದ ಚರ್ಮದಲ್ಲಿ ಮೂರು ಸಲವೂ ಸರಿಯಾಗಿ ತೋರಿಸಿದರು. ಮಚ್ಚೆಯ ಮೇಲೆ ಮುಟ್ಟಿಸುತ್ತಿದ್ದಾಗ, "ಇನ್ನೂ ಯಾಕೆ ಮುಟ್ಟಿಸಿಲ್ಲ?" ಎಂದು ಕೇಳಿದರು.

ವೈದ್ಯೆ: ನಾಳೆ ಬೆಳಗ್ಗೆಯೇ ಆಸ್ಪತ್ರೆಗೆ ಕರೆದೊಯ್ಯಿರಿ. ಮಚ್ಚೆಯನ್ನೂ ಮೊಣಕೈಯನ್ನೂ ತೋರಿಸಿ, ನಾಲ್ಕು ತಿಂಗಳಾಯಿತೆಂದು ಹೇಳಿ. ಮನೆಯವರ ಚರ್ಮವನ್ನೂ ನೋಡಿಸಿ.